ಓಡಿದ್ದು ಕಡಿಮೆ, ನಿಂತಿದ್ದು ಜಾಸ್ತಿ: 2001ರ ಡೀಸೆಲ್ ಮೋಟಾರ್‌ಹೋಮ್ ಖರೀದಿಯ ಒಂದು ಪ್ರಕರಣ

ಮೋಟಾರ್‌ಹೋಮ್ ಅಂದರೆ ಒಳಗೇ ವಾಸದ ಮನೆಯಿರುವ ಗಾಡಿ. ಇದು 2001ನೇ ಮಾದರಿ, 36 ಅಡಿ ಉದ್ದ, ಎಂಜಿನ್ ಹಿಂಭಾಗದಲ್ಲಿ. ಅಮೆರಿಕದಲ್ಲಿ ‘ಡೀಸೆಲ್ ಪುಷರ್’ ಎಂದು ಕರೆಯುವ ಬಗೆಯದು. ಫ್ರೈಟ್‌ಲೈನರ್ ಚಾಸಿ, ಕಮಿನ್ಸ್ ಐಎಸ್‌ಬಿ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್, ಅಲಿಸನ್ 3000 ಸರಣಿಯ ಆರು ಗೇರಿನ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್), ಏರ್ ಬ್ರೇಕ್, ಏರ್ ಸಸ್ಪೆನ್ಷನ್, 7.5 ಕಿಲೋವಾಟಿನ ಡೀಸೆಲ್ ಜನರೇಟರ್, ಮಲಗುವ ಕೋಣೆಯಲ್ಲಿ ಒಂದು ಸ್ಲೈಡ್ (ಗಾಡಿ ನಿಂತಾಗ ಹೊರಕ್ಕೆ ಚಾಚುವ ಭಾಗ). ಮೀಟರಿನಲ್ಲಿ 46,000 ಮೈಲಿ, ಅಂದರೆ ಸುಮಾರು 74,000 ಕಿ.ಮೀ. ಮಾರುತ್ತಿರುವವರು ಮೂರನೆಯ ಮಾಲೀಕರು. ಕಳೆದ ಆರು ವರ್ಷ ಗಾಡಿ ಹೆಚ್ಚುಪಾಲು ಬಯಲಲ್ಲೇ ನಿಂತಿದೆ. ಕೊಳ್ಳಲು ಹೊರಟವರು ಗಂಡ-ಹೆಂಡತಿ ಇಬ್ಬರು. ವರ್ಷದಲ್ಲಿ ಆರು ತಿಂಗಳು ಅದರಲ್ಲೇ ಇರಬೇಕು, ಹಿಂದೆ ಒಂದು ಸಣ್ಣ ಕಾರನ್ನು ಎಳೆದುಕೊಂಡು ಹೋಗಬೇಕು ಎಂಬುದು ಅವರ ಲೆಕ್ಕ. (ಗಾಡಿಯೂ ಜನರೂ ಮಾದರಿಗಾಗಿ ಹೆಣೆದದ್ದು. ದೋಷಗಳು ಮಾತ್ರ ಈ ವಯಸ್ಸಿನ ಗಾಡಿಗಳಲ್ಲಿ ಎದುರಾಗುವಂಥವೇ.)

ಜಾಹೀರಾತಿನ ಮೊದಲ ಸಾಲೇ ‘ಬಹಳ ಕಡಿಮೆ ಓಡಿದ ಗಾಡಿ’. ಮಾತು ಸುಳ್ಳಲ್ಲ, ಆದರೆ ಅದರಿಂದ ಕೊಳ್ಳುವವರಿಗೆ ಸಿಗುವ ಲಾಭ ಅಷ್ಟಕ್ಕಷ್ಟೇ. ಈ ಎಂಜಿನ್ ಸರಿಯಾಗಿ ನೋಡಿಕೊಂಡರೆ ಹಲವು ಲಕ್ಷ ಕಿ.ಮೀ. ಓಡುವಂಥದ್ದು. 74,000 ಕಿ.ಮೀ. ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಳಾಗುವುದು ಎಂಜಿನ್ನಿನ ಸುತ್ತ ಇರುವ ರಬ್ಬರು, ಅಂಟು, ಪ್ಲೈವುಡ್ಡು, ಟ್ಯಾಂಕಿನಲ್ಲಿ ಕೂತ ಇಂಧನ, ಎಂಜಿನ್ ತಣಿಸುವ ದ್ರವವಾದ ಕೂಲೆಂಟು, ಬ್ಯಾಟರಿ. ಇವಕ್ಕೆ ಮೈಲಿಯ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಗೊತ್ತು. ಹಾಗಾಗಿ ಇಲ್ಲಿ ಕೇಳಬೇಕಾದ್ದು ‘ಎಂಜಿನ್ ಹೇಗಿದೆ’ ಎಂಬುದಕ್ಕಿಂತ ಹೆಚ್ಚಾಗಿ ‘ಬಾಕಿ ಬಿದ್ದಿರುವ ಕೆಲಸ ಎಷ್ಟು, ಅದರಲ್ಲಿ ಅಳೆಯಲಾಗದ್ದು ಯಾವುದು’ ಎಂಬುದನ್ನು.

ಹೋಗುವ ಮುನ್ನ ಫೋನಿನಲ್ಲಿ

ದೂರದ ಗಾಡಿಯನ್ನು ನೋಡಲು ಹೊರಡುವ ಮೊದಲೇ ಅರ್ಧ ಕೆಲಸ ಮುಗಿಸಬಹುದು. ಆರೂ ಟಯರುಗಳ ತಯಾರಿಕೆಯ ಸಂಖ್ಯೆ, ಚಾಲಕನ ಆಸನದ ಬಳಿಯ ತೂಕದ ಫಲಕ, ಚಾಸಿ ಸಂಖ್ಯೆ, ಜನರೇಟರಿನ ಗಂಟೆ ಮೀಟರ್, ಮಾಳಿಗೆಯ, ಅಂದರೆ ಗಾಡಿಯ ಛಾವಣಿಯ, ನಾಲ್ಕು ಮೂಲೆ: ಇಷ್ಟರ ಫೋಟೊ ಕೇಳಬೇಕು. ಕೊಡಲು ಹಿಂದೇಟು ಹಾಕಿದರೆ ಅದೂ ಒಂದು ಉತ್ತರವೇ. ಗಾಡಿಯ ತಯಾರಕರು, ಮಾದರಿ, ವರ್ಷ ಹಾಕಿ ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತದ ತಾಣದಲ್ಲಿ ರೀಕಾಲ್‌ಗಳನ್ನು (ದೋಷ ಸರಿಪಡಿಸಲು ತಯಾರಕರು ಹಿಂದಕ್ಕೆ ಕರೆಸಿದ್ದನ್ನು) ಹುಡುಕಬಹುದು. ಒಂದು ವಿಷಯ ನೆನಪಿರಲಿ: ಚಾಸಿ ಒಬ್ಬರದು, ಮೇಲಿನ ಮನೆ ಇನ್ನೊಬ್ಬರದು, ಫ್ರಿಜ್ಜು ಮತ್ತೊಬ್ಬರದು. ಹಾಗಾಗಿ ಫ್ರಿಜ್, ಜನರೇಟರ್, ಹೀಟರುಗಳ ಮಾದರಿ ಸಂಖ್ಯೆ ಹಿಡಿದು ಬೇರೆ ಬೇರೆಯಾಗಿಯೇ ಹುಡುಕಬೇಕು.

ಮಾರುವವರಿಗೆ ಮೂರು ವಿನಂತಿ. ಫ್ರಿಜ್ಜನ್ನು ಹಿಂದಿನ ದಿನವೇ ಹಚ್ಚಿಡಿ. ಸಿಹಿನೀರಿನ ಟ್ಯಾಂಕು ತುಂಬಿಸಿಡಿ. ನಾವು ಬರುವ ತನಕ ಎಂಜಿನ್ ಶುರು ಮಾಡಬೇಡಿ. ಮೂರನೆಯದು ಮುಖ್ಯ. ತಣ್ಣಗಿರುವ ಎಂಜಿನ್ ಹೇಳುವ ಸತ್ಯವನ್ನು ಬಿಸಿಯಾದದ್ದು ಹೇಳುವುದಿಲ್ಲ. ತಲುಪಿದ ಕೂಡಲೇ ಬ್ಲಾಕಿನ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಯಾಕೆ ಎಂದು ಕೇಳಬೇಕು.

ಈ ಪ್ರಕರಣದಲ್ಲಿ ಫೋಟೊಗಳಿಂದಲೇ ಎರಡು ಸಂಗತಿ ಹೊರಬಿದ್ದವು. ಮುಂದಿನ ಟಯರಿನ ಪಕ್ಕದಲ್ಲಿ ‘ಡಿಒಟಿ’ ಎಂದು ಶುರುವಾಗುವ ತಯಾರಿಕೆಯ ಸಾಲಿನ ಕೊನೆಯ ನಾಲ್ಕು ಅಂಕಿ 2214, ಅಂದರೆ 2014ರ 22ನೇ ವಾರ. ಮೇಲ್ಮೈಯ ಗೀರುಗಳು ಹೊಸದರಂತೆ ಆಳವಾಗಿವೆ, ‘ಟಯರ್ ಶೇ. 90 ಇದೆ’ ಎಂದು ಜಾಹೀರಾತಿನಲ್ಲೂ ಬರೆದಿದೆ. ಅದು ರಬ್ಬರಿನ ದಪ್ಪದ ಮಾತು, ಆಯಸ್ಸಿನದ್ದಲ್ಲ. ಐದು ವರ್ಷ ದಾಟಿದ ಟಯರನ್ನು ಪ್ರತಿವರ್ಷ ಪರೀಕ್ಷಿಸಿ, ಹತ್ತು ವರ್ಷಕ್ಕೆ ನೋಡಲು ಚೆನ್ನಾಗಿದ್ದರೂ ತೆಗೆದುಬಿಡಿ ಎಂಬುದು ಹಲವು ತಯಾರಕರ ಸಲಹೆ. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನ ಟಯರಿನ ಸಂಖ್ಯೆ ಒಳಮುಖದಲ್ಲಿ ಅಡಗಿರುತ್ತದೆ. ಅಡಿಯಿಂದ ಟಾರ್ಚು, ಕನ್ನಡಿ ಹಿಡಿದೇ ಓದಬೇಕು. ಎರಡನೆಯ ಸಂಗತಿ, ಜನರೇಟರಿನ ಮೀಟರಿನಲ್ಲಿ ಬರೀ 190 ಗಂಟೆ. ಇದನ್ನೂ ಮಾರುವವರು ಹೆಗ್ಗಳಿಕೆಯಂತೆ ಹೇಳಿದರು.

ಮೊದಲು ನೀರು, ಆಮೇಲೆ ಎಂಜಿನ್

ಬಹುತೇಕ ಕೊಳ್ಳುವವರು ಬಂದವರೇ ಎಂಜಿನ್ ಮುಚ್ಚಳ ಎತ್ತುತ್ತಾರೆ. ಅನುಕ್ರಮ ತಿರುಗಿಸಬೇಕು. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಮಾಡುವ ಕೈಗಳು ಎಲ್ಲೆಲ್ಲೂ ಇವೆ, ಬಿಡಿಭಾಗಗಳೂ ಸಿಗುತ್ತವೆ. ಗೋಡೆಯೊಳಗೆ ನೀರು ಹೋಗಿ ಪ್ಲೈವುಡ್ ಕೊಳೆತಿದ್ದರೆ ಎಲ್ಲಿಯ ತನಕ ಕೊಳೆತಿದೆ ಎಂಬುದು ತೆರೆದ ಮೇಲಷ್ಟೇ ಗೊತ್ತಾಗುವುದು. ಅಷ್ಟು ಹೊತ್ತಿಗೆ ಗಾಡಿ ಕೊಂಡವರ ಹೆಸರಿನಲ್ಲಿರುತ್ತದೆ.

ಗೋಡೆ ಅಂದರೆ ಹೊರಗೆ ಫೈಬರ್‌ಗ್ಲಾಸ್ ಹಾಳೆ, ಅದರ ಹಿಂದೆ ತೆಳು ಪ್ಲೈವುಡ್, ನಡುವೆ ಫೋಮ್, ಒಳಗೆ ಮತ್ತೊಂದು ಹಾಳೆ, ಎಲ್ಲ ಅಂಟಿನಿಂದ ಹಿಡಿದುಕೊಂಡಿರುತ್ತವೆ. ಪ್ಲೈವುಡ್ ನೀರು ಕುಡಿದರೆ ಅಂಟು ಬಿಡುತ್ತದೆ, ಹೊರಹಾಳೆ ಉಬ್ಬುತ್ತದೆ. ನೇರ ಎದುರು ನಿಂತು ನೋಡಿದರೆ ಉಬ್ಬು ಕಾಣದು. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗಾಡಿಯ ಮೂಲೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು ಉದ್ದಕ್ಕೂ ಕಣ್ಣು ಹಾಯಿಸಿದರೆ ಅಲೆಯಂತೆ ಎದ್ದು ಕಾಣುತ್ತದೆ. ಬೆರಳ ಗೆಣ್ಣಿನಿಂದ ಸಾಲಾಗಿ ತಟ್ಟುತ್ತ ಹೋದರೆ ಸದ್ದು ಬದಲಾಗುವ ಕಡೆ ನಿಲ್ಲಬೇಕು.

ತೇವದ ಮೀಟರನ್ನು ಸೂಜಿಯಿಲ್ಲದ ಬಗೆಯದೇ ಒಯ್ಯಬೇಕು. ಬೇರೆಯವರ ಗೋಡೆಗೆ ತೂತು ಹಾಕುವ ಹಾಗಿಲ್ಲವಲ್ಲ. ಅದು ತೋರುವ ಅಂಕಿಯನ್ನು ನಿಜವಾದ ಶೇಕಡಾ ಎಂದು ನಂಬಬೇಡಿ. ಗೋಡೆಯೊಳಗಿನ ಅಲ್ಯೂಮಿನಿಯಂ ಪಟ್ಟಿ, ಸ್ಕ್ರೂ ಕೂಡ ಅಂಕಿಯನ್ನು ಏರಿಸುತ್ತವೆ. ಮೊದಲು ಖಂಡಿತ ಒಣಗಿರುವ ಒಂದು ಜಾಗ, ಉದಾಹರಣೆಗೆ ಗೋಡೆಯ ನಡುಭಾಗ, ಅಲ್ಲಿನ ಅಂಕಿ ಬರೆದುಕೊಳ್ಳಬೇಕು. ಬಳಿಕ ಕಿಟಕಿಗಳ ಕೆಳಮೂಲೆ, ಮಾಳಿಗೆ-ಗೋಡೆ ಸೇರುವ ಅಂಚು, ಗಾಡಿಯ ಮುಂದಿನ ಹಿಂದಿನ ತುದಿ ಮುಚ್ಚುವ ಫೈಬರ್ ಕ್ಯಾಪ್‌ಗಳ ಕೂಡು, ಮೇಲಿನ ಸೂಚಕ ದೀಪಗಳ ಕೆಳಗೆ, ಏಣಿಯ ಬೋಲ್ಟುಗಳ ಸುತ್ತ, ಸ್ಲೈಡಿನ ಕೆಳಮೂಲೆಗಳಲ್ಲಿ ಹಿಡಿದು ಹೋಲಿಸಬೇಕು. ಈ ಗಾಡಿಯ ಒಣ ಗೋಡೆಯಲ್ಲಿ ಮೀಟರ್ 9–11 ತೋರಿಸಿತು. ಬಲಗಡೆ ಹಿಂದಿನ ಕಿಟಕಿಯ ಕೆಳಗೆ 24, ಅಲ್ಲಿಂದ ನೆಲದತ್ತ ಇಳಿದಂತೆ 31. ಲೋಹದ ಪಟ್ಟಿಯಾಗಿದ್ದರೆ ಅಂಕಿ ನೇರ ಗೆರೆಯಂತೆ ಏರಿ ಇಳಿಯುತ್ತದೆ. ಇದು ಕೆಳಗೆ ಹೋದಂತೆ ಅಗಲವಾಗುತ್ತಿತ್ತು. ನೀರು ಇಳಿದ ದಾರಿಯೇ ಅದು.

ಮಾಳಿಗೆ ಹತ್ತಿದಾಗ ಕಾರಣ ಸಿಕ್ಕಿತು. ಮೇಲೆ ರಬ್ಬರ್ ಹೊದಿಕೆ, ಕೈಯಾಡಿಸಿದರೆ ಬಿಳಿ ಪುಡಿ; ಅಷ್ಟು ವಯಸ್ಸಾದ ರಬ್ಬರಿಗೆ ಅದು ಸಹಜ. ಆದರೆ ಹಿಂದಿನ ಕ್ಯಾಪ್ ಸೇರುವಲ್ಲಿ ಸೀಲೆಂಟ್ (ನೀರು ತಡೆಯುವ ಅಂಟು) ಬಿರುಕುಬಿಟ್ಟು ಅಂಚು ಎದ್ದಿತ್ತು, ಅದರ ಮೇಲೆ ಯಾರೋ ಸಾಮಾನ್ಯ ಸಿಲಿಕೋನ್ ಬಳಿದಿದ್ದರು. ಸಿಲಿಕೋನ್ ಬಳಿದ ಜಾಗಕ್ಕೆ ಮುಂದೆ ಯಾವ ಸರಿಯಾದ ಸೀಲೆಂಟೂ ಹಿಡಿಯುವುದಿಲ್ಲ, ಕೆರೆದು ಪೂರ್ತಿ ತೆಗೆಯಲೇಬೇಕು. ಮಾಳಿಗೆಯ ಮೇಲೆ ಮಂಡಿಯೂರಿ ನಡೆಯುತ್ತ, ಒತ್ತಿದಾಗ ಮೆತ್ತಗೆ ಕುಸಿಯುವ ಜಾಗ ಇದೆಯೇ ಎಂದೂ ನೋಡಲಾಯಿತು, ಇರಲಿಲ್ಲ.

ಈಗ ಪ್ರಶ್ನೆ, ಆ ಹಿಂಬದಿ ಮೂಲೆ ಎಷ್ಟು ಕೊಳೆತಿದೆ? ಒಳಗಿನಿಂದ ಗೋಡೆ ತೆರೆಯಲು ಮಾರುವವರು ಒಪ್ಪಲಿಲ್ಲ, ಒಪ್ಪಬೇಕೆಂದೂ ಇಲ್ಲ. ಆದರೆ ಕೆಳಗಿನ ಸಾಮಾನು ಪೆಟ್ಟಿಗೆಯ ಮೇಲ್ಭಾಗಕ್ಕೆ ಹೊಡೆದಿದ್ದ ಕಾರ್ಪೆಟ್ಟನ್ನು ಬಿಡಿಸಲು ಒಪ್ಪಿದರು. ಮಲಗುವ ಕೋಣೆಯ ನೆಲದ ಅಡಿಭಾಗ ಅಲ್ಲಿ ಕಾಣಿಸಿತು. ಮೊಂಡು ಸ್ಕ್ರೂಡ್ರೈವರಿನಿಂದ ಒತ್ತಿದರೆ ಪ್ಲೈವುಡ್ ಮೂಲೆಯಿಂದ ಸುಮಾರು 40 ಸೆಂ.ಮೀ. ತನಕ ಮೆತ್ತಗಿತ್ತು, ಆಮೇಲೆ ಗಟ್ಟಿ. ಕೆಳಗಿನ ಉಕ್ಕಿನ ಆಧಾರದ ಮೇಲೆ ತುಕ್ಕು ಇತ್ತು, ಸುತ್ತಿಗೆಯಿಂದ ತಟ್ಟಿದರೆ ಪದರ ಉದುರಲಿಲ್ಲ. ಮೇಲುಮೇಲಿನ ತುಕ್ಕು ಮಾತ್ರ. ಹಾಗೆ ಅಳೆಯಲಾಗದಿದ್ದದ್ದು ಅಳತೆಗೆ ಬಂತು. ಆ ಕಾರ್ಪೆಟ್ ಬಿಡಿಸಲೂ ಮಾರುವವರು ಒಪ್ಪದಿದ್ದರೆ ಅಲ್ಲಿಗೇ ಮಾತು ಮುಗಿಸಿ ಬರುವುದೊಂದೇ ಸರಿಯಾಗಿತ್ತು.

ಎಂಜಿನ್ ಹೇಳಿದ್ದು

ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಮೊದಲ ಅರ್ಧ ನಿಮಿಷ ಬಿಳಿ ಹೊಗೆ, ಆಮೇಲೆ ಶುದ್ಧ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ ಕಡೆ, ನೀಲಿಯಾದರೆ ಸುಡುತ್ತಿರುವ ಆಯಿಲ್ ಕಡೆ, ಎಳೆಯುವಾಗ ಕಪ್ಪು ಎದ್ದರೆ ಗಾಳಿಯ ಕೊರತೆ ಅಥವಾ ಟರ್ಬೊ ಪೈಪಿನ ಸೋರಿಕೆಯ ಕಡೆ ಹುಡುಕಬೇಕು. ಆಯಿಲ್ ತುಂಬಿಸುವ ಮುಚ್ಚಳ ಬಿಚ್ಚಿ, ತಿರುಗಿಸಿ, ಬಾಯಿಯ ಮೇಲೆ ಸುಮ್ಮನೆ ಇಟ್ಟರೆ ಸ್ವಲ್ಪ ನಡುಗುತ್ತ ಅಲ್ಲೇ ಕೂತಿತು. ಹಾರಿ ಬಿದ್ದಿದ್ದರೆ ಪಿಸ್ಟನ್ ರಿಂಗುಗಳ ಬಗ್ಗೆ ಅನುಮಾನ ಪಡಬೇಕಿತ್ತು. ಇದು ಒರಟು ಪರೀಕ್ಷೆ, ಪೂರ್ತಿ ನೆಚ್ಚಬಾರದು.

‘ಮೊನ್ನೆ ತಾನೇ ಆಯಿಲ್ ಬದಲಿಸಿದ್ದೀನಿ’ ಎಂದರು ಮಾಲೀಕರು, ಒಳ್ಳೆಯ ಮನಸ್ಸಿನಿಂದಲೇ. ಆದರೆ ಅದರಿಂದ ಆಯಿಲ್ ಪರೀಕ್ಷೆಯ ದಾರಿ ಮುಚ್ಚಿತು. ಆಯಿಲಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಕಂಡರೆ ಕೂಲೆಂಟ್ ಒಳಸೇರಿದೆ ಎಂಬ ಗುಮಾನಿ, ಸಿಲಿಕಾನ್ ಜಾಸ್ತಿಯಾದರೆ ಧೂಳು, ಸೀಸ-ತಾಮ್ರ ಏರಿದರೆ ಬೇರಿಂಗು. ಇವೆಲ್ಲ ಸೇರಿಕೊಳ್ಳಲು ಆಯಿಲ್ ಒಂದಷ್ಟು ದೂರ ಓಡಿರಬೇಕು. ಮೊನ್ನೆಯ ಆಯಿಲಿನ ವರದಿ ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ತೆಗೆದ ಹಳೆಯ ಫಿಲ್ಟರ್ ಇನ್ನೂ ಕಸದಲ್ಲಿದೆಯೇ ಎಂದು ಕೇಳಿ, ಇದ್ದರೆ ಕತ್ತರಿಸಿ ಮಡಿಕೆಗಳಲ್ಲಿ ಲೋಹದ ಚೂರು ಹುಡುಕಬಹುದು. ಇಲ್ಲಿ ಅದು ಸಿಗಲಿಲ್ಲ. ಟ್ರಾನ್ಸ್‌ಮಿಷನ್ ಆಯಿಲ್ ಮತ್ತು ಕೂಲೆಂಟ್ ಹಳೆಯವೇ ಆಗಿದ್ದರಿಂದ ಅವೆರಡರ ಮಾದರಿ ಕಳಿಸಲಾಯಿತು. ಟ್ರಾನ್ಸ್‌ಮಿಷನ್ ಆಯಿಲಿನಲ್ಲಿ ಕೂಲೆಂಟಿನ ಅಂಶವಾದ ಗ್ಲೈಕಾಲ್ ಇಲ್ಲ, ಲೋಹವೂ ಮಿತಿಯಲ್ಲಿದೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಅಂಶ ಪೂರ್ತಿ ಸವೆದಿದೆ.

ಕೂಲೆಂಟ್ ವಿಷಯದಲ್ಲಿ ಕೇಳಿಬರುವ ಒಂದು ಗೊಂದಲವಿದೆ. ಸಿಲಿಂಡರ್ ಲೈನರಿನ (ಪಿಸ್ಟನ್ ಓಡುವ ಬೇರೆಯದೇ ಕೊಳವೆಯ) ಹೊರಮೈಯಲ್ಲಿ ಗುಳ್ಳೆಗಳು ಒಡೆದು ತೂತು ಕೊರೆಯುವ ಭಯ ಲೈನರ್ ನೇರವಾಗಿ ನೀರಿನಲ್ಲಿ ಕೂತಿರುವ ಎಂಜಿನ್ನುಗಳದ್ದು, ಕಮಿನ್ಸ್ 8.3 ಲೀಟರ್ ಅಂಥದ್ದು. 5.9ರಲ್ಲಿ ಪಿಸ್ಟನ್ ನೇರ ಬ್ಲಾಕಿನಲ್ಲೇ ಓಡುತ್ತದೆ, ಲೈನರ್ ಇಲ್ಲ. ಹಾಗಂತ ಸವೆದ ಕೂಲೆಂಟ್ ಬಿಡಬಹುದೆಂದಲ್ಲ, ರೇಡಿಯೇಟರ್ ಮತ್ತು ನೀರಿನ ಪಂಪು ತುಕ್ಕು ಹಿಡಿಯುತ್ತವೆ. ಆದರೆ 8.3ರ ಗಾಡಿಯಲ್ಲಿ ಇದೇ ವರದಿ ಬಂದಿದ್ದರೆ ಹೆಚ್ಚು ಗಾಬರಿಯಾಗಬೇಕಿತ್ತು.

ಈ ಕಾಲದ 5.9ರಲ್ಲಿ ಇನ್ನೆರಡು ಗುರುತು ನೋಡಬೇಕು. ಬ್ಲಾಕಿನ ಪಕ್ಕದಲ್ಲಿ ‘53’ ಎಂಬ ಎರಕದ ಅಂಕಿ ಇದ್ದರೆ, ಆ ಬ್ಲಾಕುಗಳಲ್ಲಿ ಕೆಲವು ನೀರಿನ ಗೋಡೆಯಲ್ಲಿ ಬಿರುಕುಬಿಟ್ಟು ಹೊರಗೆ ಕೂಲೆಂಟ್ ಒಸರಿದ ಹೆಸರು ಮಾಡಿವೆ. ಅಂಕಿ ಇದ್ದಮಾತ್ರಕ್ಕೆ ಬಿಡಬೇಕಿಲ್ಲ. ಪಕ್ಕದಲ್ಲಿ ಒಣಗಿದ ಕಲೆ ಇದೆಯೇ ನೋಡಬೇಕು. ಈ ಗಾಡಿಯಲ್ಲಿ ಆ ಅಂಕಿ ಇರಲಿಲ್ಲ. ಎರಡನೆಯದು ಬಾಷ್ ವಿಪಿ44 ಇಂಜೆಕ್ಷನ್ ಪಂಪು. ಅದಕ್ಕೆ ತಂಪು ಕೊಡುವುದೂ ಇಂಧನವೇ, ನಯ ಕೊಡುವುದೂ ಇಂಧನವೇ. ಅದಕ್ಕೆ ಇಂಧನ ಕಳಿಸುವ ಸರಬರಾಜು ಪಂಪು ಸೋತರೆ, ಫಿಲ್ಟರ್ ಕಟ್ಟಿದರೆ, ಹಳೆಯ ರಬ್ಬರ್ ಪೈಪಿನಿಂದ ಗಾಳಿ ಎಳೆದರೆ ಮೊದಲು ಸಾಯುವುದು ಈ ದುಬಾರಿ ಪಂಪು. ನೀರು ಬೇರ್ಪಡಿಸುವ ಫಿಲ್ಟರಿನ ಕೆಳತಿರುಪು ಬಿಚ್ಚಿ ಗಾಜಿನ ಬಾಟಲಿಗೆ ಇಳಿಸಿದಾಗ ತಳದಲ್ಲಿ ಬೆರಳಗಲ ನೀರು, ಅದರ ಮೇಲೆ ಕಪ್ಪು ಚೂರುಗಳು. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕೆಲಸ ಅದು, ಆರು ವರ್ಷ ಅರ್ಧ ತುಂಬಿ ನಿಂತ ಟ್ಯಾಂಕಿನಲ್ಲಿ ಅಚ್ಚರಿಯಲ್ಲ. ಕೊಲ್ಲುವ ಔಷಧಿ ಇದೆ. ಆದರೆ ಸತ್ತದ್ದೆಲ್ಲ ಬಂದು ಕೂರುವುದು ಫಿಲ್ಟರಿನಲ್ಲೇ.

ಅಲಿಸನ್ ಗೇರ್‌ಬಾಕ್ಸಿನ ವಿಷಯ ಚಿಕ್ಕದು. ಗೇರಿನ ಗುಂಡಿಫಲಕದಲ್ಲಿ ಮೇಲಿನ ಮತ್ತು ಕೆಳಗಿನ ಬಾಣ ಎರಡನ್ನೂ ಒಟ್ಟಿಗೆ ಒತ್ತಿದರೆ ಅದು ತನ್ನ ಆಯಿಲ್ ಮಟ್ಟ ತಾನೇ ಹೇಳುತ್ತದೆ; ಗಾಡಿ ಸಮತಟ್ಟಿನಲ್ಲಿ, ಬಿಸಿಯಾಗಿ, ನ್ಯೂಟ್ರಲ್‌ನಲ್ಲಿ ಒಂದೆರಡು ನಿಮಿಷ ನಿಂತಿರಬೇಕು. ಇನ್ನೊಮ್ಮೆ ಒತ್ತಿದರೆ ನೆನಪಿನಲ್ಲಿರುವ ದೋಷದ ಸಂಕೇತಗಳು. ಇಲ್ಲಿ ಹಳೆಯದೊಂದು ಕಡಿಮೆ ವೋಲ್ಟೇಜಿನ ಸಂಕೇತ ಬಿಟ್ಟರೆ ಏನೂ ಇರಲಿಲ್ಲ, ಸೋತ ಬ್ಯಾಟರಿಗೆ ಅದು ಹೊಂದುತ್ತದೆ.

ಏರುದಾರಿ

ಸಮತಟ್ಟಾದ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದಾಗ ಉಷ್ಣತೆ 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕದಲದೆ ನಿಂತಿತ್ತು. ಇಲ್ಲಿಗೆ ನಿಲ್ಲಿಸಿದ್ದರೆ ಗಾಡಿ ಪಾಸು. ಉದ್ದ ಏರು ಇರುವ ರಸ್ತೆಗೇ ಒಯ್ದು ಪೂರ್ತಿ ಎಳೆತದಲ್ಲಿ ಹತ್ತಿಸಿದಾಗ ಹನ್ನೆರಡನೆಯ ನಿಮಿಷಕ್ಕೆ 101 ತಲುಪಿ ಇನ್ನೂ ಏರುತ್ತಿತ್ತು. ಆಕ್ಸಿಲರೇಟರ್ ಬಿಟ್ಟು ಗೇರು ಇಳಿಸಿದ ಮೇಲೆ ಇಳಿಯಿತು.

ಹಿಂದೆ ಎಂಜಿನ್, ಅದರ ಹಿಂದೆ ರೇಡಿಯೇಟರ್ ಇರುವ ಗಾಡಿಗಳ ಜಾಡ್ಯ ಇದು. ಎಂಜಿನ್ನಿನ ಒಳಗಾಳಿ ಹೊರಬಿಡುವ ರಬ್ಬರ್ ಕೊಳವೆ ಫ್ಯಾನಿನ ಮುಂದೆಯೇ ಕೊನೆಯಾಗುತ್ತದೆ. ಅದರಿಂದ ಬರುವ ಎಣ್ಣೆಯ ಮಂಜನ್ನು ಫ್ಯಾನು ಎಳೆದು ಹಿಂದಕ್ಕೆ ಊದುತ್ತದೆ, ಹಿಂದಿನ ಚಕ್ರಗಳು ಎಬ್ಬಿಸಿದ ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ. ಮೆತ್ತುವುದು ಫ್ಯಾನಿನತ್ತ ಮುಖಮಾಡಿರುವ, ಟರ್ಬೊದಿಂದ ಬರುವ ಬಿಸಿಗಾಳಿಯನ್ನು ತಣಿಸುವ ಕೂಲರಿನ ಮೇಲೆ. ಗಾಡಿಯ ಹಿಂದೆ ನಿಂತು ನೋಡಿದವರಿಗೆ ಕಾಣುವುದು ರೇಡಿಯೇಟರಿನ ಶುಭ್ರವಾದ ಬೆನ್ನು ಮಾತ್ರ. ಹಾಸಿಗೆಯ ಕೆಳಗಿನ ಮುಚ್ಚಳ ತೆಗೆದು, ಟಾರ್ಚು ಹಿಡಿದು ಫ್ಯಾನಿನ ರೆಕ್ಕೆಗಳ ನಡುವೆ ಇಣುಕಿದಾಗ ಕೂಲರಿನ ಕೆಳಗಿನ ಮೂರನೆಯ ಒಂದು ಭಾಗ ಕಂಬಳಿ ಹೊದ್ದಂತೆ ಕಂಡಿತು.

ತೊಳೆಯುವುದು ಕಷ್ಟದ ವಿದ್ಯೆಯಲ್ಲ, ತಾಳ್ಮೆಯ ಕೆಲಸ. ಎಂಜಿನ್ ತಣ್ಣಗಿರುವಾಗ ಅಲ್ಯೂಮಿನಿಯಂ ತಿನ್ನದ ಜಿಡ್ಡು ಬಿಡಿಸುವ ದ್ರಾವಣವನ್ನು ಫ್ಯಾನಿನ ಕಡೆಯಿಂದ ಸಿಂಪಡಿಸಿ, ಅರ್ಧ ಗಂಟೆ ನೆನೆಸಿ, ಹಿಂದಿನಿಂದ ಮುಂದಕ್ಕೆ ತೋಟದ ಪೈಪಿನ ಒತ್ತಡದಲ್ಲೇ ನೀರು ಬಿಡಬೇಕು. ಕೆಳಗೆ ಸೋರುವ ನೀರು ತಿಳಿಯಾಗುವ ತನಕ ಮತ್ತೆ ಮತ್ತೆ. ಪ್ರೆಷರ್ ವಾಷರ್ ಹಿಡಿದರೆ ಫಿನ್‌ಗಳು ಮಡಚಿ ಮೊದಲಿಗಿಂತ ಕೆಡುತ್ತದೆ. ಜೊತೆಗೆ ಆ ಕೊಳವೆಯನ್ನು ಫ್ಯಾನಿನ ಎಳೆತಕ್ಕೆ ಸಿಗದ ಜಾಗದ ತನಕ ಉದ್ದ ಮಾಡಬೇಕು. ತಗ್ಗು ಮಾಡಬಾರದು, ನೀರು ನಿಂತು ಚಳಿಯಲ್ಲಿ ಹೆಪ್ಪುಗಟ್ಟುತ್ತದೆ.

ಗಾಳಿ, ತೂಕ

ಏರ್ ಬ್ರೇಕಿಗೆ ಅಮೆರಿಕದ ವಾಣಿಜ್ಯ ಚಾಲಕರ ಪರೀಕ್ಷೆಯ ಅಳತೆಗಳನ್ನೇ ಇಟ್ಟುಕೊಂಡರೆ ಸಾಕು. ಒತ್ತಡ 85ರಿಂದ 100 ಪಿಎಸ್‌ಐಗೆ 45 ಸೆಕೆಂಡಿನೊಳಗೆ ಏರಬೇಕು. ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು, ಬ್ರೇಕ್ ಬಿಟ್ಟಿರುವಾಗ ನಿಮಿಷಕ್ಕೆ 2 ಪಿಎಸ್‌ಐಗಿಂತ, ತುಳಿದಿರುವಾಗ 3ಕ್ಕಿಂತ ಹೆಚ್ಚು ಇಳಿಯಬಾರದು. ಪೆಡಲನ್ನು ಒತ್ತಿ ಒತ್ತಿ ಬಿಟ್ಟರೆ 60ರ ಸುಮಾರಿಗೆ ಎಚ್ಚರಿಕೆಯ ಸದ್ದು, 20–45ರ ನಡುವೆ ಪಾರ್ಕಿಂಗ್ ಗುಂಡಿ ತಾನಾಗಿ ಹೊರಚಿಮ್ಮಬೇಕು. ಇಲ್ಲಿ ಏರುವುದಕ್ಕೆ 38 ಸೆಕೆಂಡ್, ಎಚ್ಚರಿಕೆ 62ಕ್ಕೆ, ಎರಡೂ ಸರಿ. ಇಳಿಕೆ ಮಾತ್ರ ನಿಮಿಷಕ್ಕೆ 5. ಸೋಪು ನೀರು ಸಿಂಪಡಿಸಿದಾಗ ಮುಂದಿನ ಎತ್ತರ ಸರಿಪಡಿಸುವ ವಾಲ್ವಿನ ಕೂಡಿನಲ್ಲಿ, ಗಾಳಿಯ ತೇವ ತೆಗೆಯುವ ಏರ್ ಡ್ರೈಯರಿನ ಬಾಯಿಯಲ್ಲಿ ಗುಳ್ಳೆ ಎದ್ದವು. ಎರಡೂ ಸಣ್ಣ ಕೆಲಸ. ಗಾಳಿಯ ಟ್ಯಾಂಕಿನಿಂದ ಒಂದು ಲೋಟ ನೀರು ಬಂತು, ಡ್ರೈಯರಿನ ಕಾರ್ಟ್ರಿಜ್ ಯಾವತ್ತೋ ಸತ್ತಿದೆ ಎಂದರ್ಥ.

ಒಂದು ಎಚ್ಚರಿಕೆ: ಈ ಪರೀಕ್ಷೆಗೆ ಗಾಡಿಯಡಿ ತೂರುವವರು ಚಾಸಿಗೆ ಉಕ್ಕಿನ ಸ್ಟ್ಯಾಂಡ್ ಕೊಡದೆ ಹೋಗಕೂಡದು. ಏರ್ ಬ್ಯಾಗ್ ಒಡೆದರೆ ಹನ್ನೊಂದು ಟನ್ನಿನ ಗಾಡಿ ಕ್ಷಣದಲ್ಲಿ ಕುಳಿತುಬಿಡುತ್ತದೆ. ಗಾಡಿಯದೇ ಹೈಡ್ರಾಲಿಕ್ ಜಾಕ್‌ಗಳನ್ನೂ ಇದಕ್ಕೆ ನಂಬಬಾರದು, ಅವು ಸಮತಟ್ಟು ಮಾಡಲಿಕ್ಕೆ ಇರುವಂಥವು.

ಪರೀಕ್ಷಾ ಓಟದಲ್ಲೇ ಟ್ರಕ್ಕುಗಳ ತೂಕದ ಕಟ್ಟೆಗೆ ಹತ್ತಿಸಲಾಯಿತು. ಇದನ್ನು ಮಾಡುವವರು ಕಡಿಮೆ, ಮಾಡದೆ ಪಶ್ಚಾತ್ತಾಪ ಪಡುವವರು ಜಾಸ್ತಿ. ಫಲಕದ ಪ್ರಕಾರ ಒಟ್ಟು ಮಿತಿ 11,790 ಕೆ.ಜಿ. ಮುಕ್ಕಾಲು ಟ್ಯಾಂಕ್ ಡೀಸೆಲ್, ಮೂವರು ಜನ, ನೀರಿನ ಟ್ಯಾಂಕು ಖಾಲಿ ಮಾಡಿಸಿ ತೂಗಿದಾಗ ಮುಂದೆ 3,860, ಹಿಂದೆ 7,490, ಒಟ್ಟು 11,350. ಉಳಿದದ್ದು 440 ಕೆ.ಜಿ. ಅದರಲ್ಲಿ 340 ಲೀಟರ್ ನೀರು ತುಂಬಿದರೆ ಆರು ತಿಂಗಳ ಸಂಸಾರದ ಪಾತ್ರೆ, ಬಟ್ಟೆ, ಉಪಕರಣಗಳಿಗೆಲ್ಲ ಸೇರಿ ಉಳಿಯುವುದು 100. ಒಬ್ಬರು ಇಳಿದುಹೋಗುತ್ತಾರೆ, ಇನ್ನೊಂದಷ್ಟು ಸಿಗುತ್ತದೆ, ಅಷ್ಟೇ. ಈ ದಂಪತಿ ಮೂರನೆಯ ಒಂದು ಭಾಗ ನೀರಿನಲ್ಲಿ ಪ್ರಯಾಣಿಸಿ, ತಂಗುವ ಕಡೆ ತುಂಬಿಸಿಕೊಳ್ಳಬೇಕು. ಎಳೆಯುವ ಕಾರಿನ ಲೆಕ್ಕವೂ ಹೀಗೇ ಬದಲಾಯಿತು. ಕೊಂಡಿಯ ಮೇಲೆ 2,270 ಕೆ.ಜಿ. ಎಂದು ಬರೆದಿದೆ. ಗಾಡಿ ಮತ್ತು ಕಾರು ಸೇರಿದ ಮಿತಿ 13,600. ಗಾಡಿ ಪೂರ್ತಿ ತುಂಬಿದ್ದರೆ ಕಾರಿಗೆ ಉಳಿಯುವುದು 1,810. ಎರಡರಲ್ಲಿ ಚಿಕ್ಕದೇ ನಿಜವಾದ ಮಿತಿ.

ಮನೆಯ ಭಾಗ

190 ಗಂಟೆಯ ಜನರೇಟರ್ ಹತ್ತಿಕೊಂಡಿತು, ಖಾಲಿ ಓಡುವಾಗ ಚೆನ್ನಾಗಿಯೇ ಇತ್ತು. ಎರಡೂ ಎಸಿ ಹಾಕಿ ಭಾರ ಕೊಟ್ಟಾಗ ಇಪ್ಪತ್ತನೆಯ ನಿಮಿಷಕ್ಕೆ ಆವರ್ತನ 60ರಿಂದ 57 ಹರ್ಟ್ಸ್‌ಗೆ ಕುಸಿಯಿತು. ವರ್ಷಗಟ್ಟಲೆ ನಿಂತ, ಅಥವಾ ಭಾರವಿಲ್ಲದೆ ಆಗೊಮ್ಮೆ ಈಗೊಮ್ಮೆ ಓಡಿದ ಡೀಸೆಲ್ ಜನರೇಟರಿನಲ್ಲಿ ಫಿಲ್ಟರ್ ಕಟ್ಟುವುದು, ಮಸಿ ಕೂರುವುದು ಸಾಮಾನ್ಯ. ತಿಂಗಳಿಗೊಮ್ಮೆ ಅರ್ಧಕ್ಕಿಂತ ಹೆಚ್ಚು ಭಾರ ಕೊಟ್ಟು ಒಂದೆರಡು ಗಂಟೆ ಓಡಿಸಿದ 1,500 ಗಂಟೆಯ ಯಂತ್ರ ಇದಕ್ಕಿಂತ ಮೇಲು. ಇಲ್ಲಿ ಫಿಲ್ಟರ್ ಮತ್ತು ಇಂಧನ ಪೈಪು ಬದಲಿಸಿದರೆ ಸರಿಹೋಗುವ ಸಾಧ್ಯತೆ ಹೆಚ್ಚು, ಖಾತರಿ ಇಲ್ಲ.

ಫ್ರಿಜ್ಜು ಗ್ಯಾಸು-ಕರೆಂಟು ಎರಡರಲ್ಲೂ ಓಡುವ ಅಮೋನಿಯಾ ಬಗೆಯದು. ಒಂದಿಡೀ ದಿನ ಓಡಿದ ಮೇಲೂ ಒಳಗೆ 14 ಡಿಗ್ರಿ, ಹಿಂದಿನ ಮುಚ್ಚಳ ತೆಗೆದರೆ ಕೊಳವೆಯ ಮೇಲೆ ಹಳದಿ ಪುಡಿ. ಕೂಲಿಂಗ್ ಘಟಕ ತೂತಾಗಿದೆ. ಸೋರುವ ದ್ರಾವಣದ ಜೊತೆ ಹೈಡ್ರೊಜನ್ನೂ ಇರುವುದರಿಂದ, ಪಕ್ಕದಲ್ಲೇ ಜ್ವಾಲೆ ಇರುವುದರಿಂದ, ಆ ಕ್ಷಣವೇ ಆರಿಸಲು ಹೇಳಲಾಯಿತು. ಗ್ಯಾಸ್ ಸೋರಿಕೆ ಪತ್ತೆ ಮಾಡುವ ಯಂತ್ರದ ಆಯಸ್ಸೂ ಮುಗಿದಿತ್ತು. ಐದರಿಂದ ಏಳು ವರ್ಷಕ್ಕೆ ಅದನ್ನು ಬದಲಿಸಲೇಬೇಕು. ನೀರಿನ ಪಂಪು ಹಾಕಿ ನಲ್ಲಿಗಳನ್ನೆಲ್ಲ ಮುಚ್ಚಿದರೆ ಪಂಪು ಸುಮ್ಮನಾಯಿತು, ಅಂದರೆ ಕೊಳವೆಗಳು ಚಳಿಗೆ ಒಡೆದಿಲ್ಲ. ಮನೆ ಭಾಗದ ಬ್ಯಾಟರಿಗಳು ರಾತ್ರಿ ಚಾರ್ಜ್ ಆಗಿದ್ದರೂ ಭಾರ ಕೊಟ್ಟ ಹತ್ತು ನಿಮಿಷಕ್ಕೆ 11 ವೋಲ್ಟಿಗೆ ಇಳಿದವು. ಬಿಸಾಡುವುದೇ.

ಬೆಲೆಯ ಲೆಕ್ಕ

ಕೇಳಿದ ಬೆಲೆಯನ್ನು 100 ಎಂದಿಟ್ಟುಕೊಳ್ಳೋಣ. ಆರು ಟಯರ್ 8, ಬ್ಯಾಟರಿಗಳು 3, ಎಲ್ಲ ದ್ರವ, ಫಿಲ್ಟರ್, ಬೆಲ್ಟ್, ಹೋಸುಗಳು 6, ಗಾಳಿ ವ್ಯವಸ್ಥೆ 3, ಕೂಲರ್ ತೊಳೆಯುವುದು 2, ಮಾಳಿಗೆಯ ಸಿಲಿಕೋನ್ ಕೆರೆದು ಹೊಸ ಸೀಲೆಂಟ್ 3, ಫ್ರಿಜ್ 9, ಜನರೇಟರ್ 2, ಕೊಳೆತ ಮೂಲೆ 12. ಒಟ್ಟು 48.

ಹೆಚ್ಚಿನವರು ಈಗ 100ರಿಂದ 48 ಕಳೆದು 52 ಹೇಳಿ ಬೈಸಿಕೊಂಡು ಬರುತ್ತಾರೆ. ಅಥವಾ ಮಾರುವವರ ಮುಖ ನೋಡಿ 90ಕ್ಕೆ ಒಪ್ಪುತ್ತಾರೆ. ಕಳೆಯಬೇಕಾದ್ದು ಕೇಳಿದ ಬೆಲೆಯಿಂದಲ್ಲ. ಅದೇ ಮಾದರಿ, ಅದೇ ವರ್ಷದ, ಟಯರ್ ಹೊಸದಿರುವ, ಗೋಡೆ ಒಣಗಿರುವ ಗಾಡಿ ಎಷ್ಟಕ್ಕೆ ಹೋಗುತ್ತದೆ ಎಂಬುದು ಆರಂಭದ ಅಂಕಿ. ಇಲ್ಲಿ ಅದು 125. ಅದರಿಂದ 48 ಕಳೆದು, ಮೂಲೆ ತೆರೆದಾಗ ಇನ್ನಷ್ಟು ಕೊಳೆತಿದ್ದರೆ ಮತ್ತು ಜನರೇಟರ್ ಕೈಕೊಟ್ಟರೆ ಎಂದು 10 ತೆಗೆದಿಟ್ಟರೆ 67. ದಂಪತಿ 62 ಎಂದರು, ಮೀಟರಿನ ಅಂಕಿಗಳು, ತೂಕದ ಚೀಟಿ, ಬಾಟಲಿಯ ಫೋಟೊ ಎಲ್ಲವನ್ನೂ ಮಾರುವವರ ಮುಂದಿಟ್ಟರು. 68ಕ್ಕೆ ಕುದುರಿತು. ಷರತ್ತು ಒಂದೇ: ಕೂಲರ್ ತೊಳೆದು ಅದೇ ಏರಿನಲ್ಲಿ ಮತ್ತೊಮ್ಮೆ ಪರೀಕ್ಷೆ, ತೊಳೆಯುವ ಖರ್ಚು ಕೊಳ್ಳುವವರದ್ದು, 96 ಡಿಗ್ರಿ ದಾಟಿದರೆ ಮುಂಗಡ ವಾಪಸು. ರೇಡಿಯೇಟರಿನ ಒಳಗೇ ಕಟ್ಟಿದ್ದರೆ ತೊಳೆದದ್ದರಿಂದ ಪ್ರಯೋಜನವಿಲ್ಲ, ಆಗ 2 ಎಂದು ಬರೆದದ್ದು ಹಲವು ಪಟ್ಟಾಗುತ್ತದೆ. ಅದಕ್ಕೇ ಈ ಷರತ್ತು. ಮರುಪರೀಕ್ಷೆಯಲ್ಲಿ 92ಕ್ಕೆ ಹತ್ತಿ ಅಲ್ಲೇ ನಿಂತಿತು.

ಇನ್ನು ಯಾವುದು ಕಂಡಿದ್ದರೆ ಚೌಕಾಸಿಗೂ ಕೂರದೆ ಎದ್ದು ಬರಬೇಕಿತ್ತು? ಟ್ರಾನ್ಸ್‌ಮಿಷನ್ ಆಯಿಲಿನಲ್ಲಿ ಕೂಲೆಂಟ್, ಪದರ ಪದರವಾಗಿ ಉದುರುವ ಚಾಸಿ, ಮುಂಭಾಗದ ಗೋಡೆ ಮತ್ತು ಚಾಲಕನ ಕೆಳಗಿನ ನೆಲ ಕೊಳೆತಿರುವುದು, ಕಾಗದದ ಚಾಸಿ ಸಂಖ್ಯೆ ಗಾಡಿಯದಕ್ಕೆ ಹೊಂದದಿರುವುದು, ಅಥವಾ ಬ್ಯಾಂಕಿನ ಸಾಲ ತೀರದ ಕಾಗದ. ತೂಕದ ಮಿತಿ 26,000 ಪೌಂಡ್ (ಸುಮಾರು 11,790 ಕೆ.ಜಿ.) ದಾಟುವ ಗಾಡಿಯಾಗಿದ್ದರೆ ಕೆಲವು ರಾಜ್ಯಗಳಲ್ಲಿ ಬೇರೆ ದರ್ಜೆಯ ಲೈಸೆನ್ಸ್ ಬೇಕು; ಈ ಗಾಡಿಯ ಮಿತಿ ಸರಿಯಾಗಿ ಆ ಗಡಿಯಲ್ಲಿದೆ, ದಾಟಿಲ್ಲ. ಇಷ್ಟು ಹಳೆಯ ಗಾಡಿಗೆ ವಿಮೆ ಸಿಗುತ್ತದೆಯೇ ಎಂಬುದನ್ನೂ ಹಣ ಕೊಡುವ ಮೊದಲೇ ಬರಹದಲ್ಲಿ ಪಡೆಯಬೇಕು.

ಮನೆಗೆ ತರುವ ದಾರಿ

ಟಯರ್ ಬದಲಿಸದೆ ಹೊರಡುವಂತಿಲ್ಲ. ಮುಂದಿನ ಟಯರ್ ಸಿಡಿದರೆ ಸ್ಟಿಯರಿಂಗ್ ಕೈಯಲ್ಲಿ ನಿಲ್ಲುವುದು ಕಷ್ಟ, ಹಿಂದಿನದು ಸಿಡಿದರೆ ಚಕ್ರದ ಮೇಲಿನ ಗೋಡೆಯನ್ನೇ ಕಿತ್ತು ಹಾಕುತ್ತದೆ. ಮಾರುವವರ ಊರಲ್ಲೇ ಆರನ್ನೂ ಹಾಕಿಸಿ, ಗಾಳಿಯನ್ನು ಟಯರಿನ ಮೇಲೆ ಬರೆದ ಗರಿಷ್ಠಕ್ಕಲ್ಲ, ತೂಗಿದ ಆಕ್ಸಲ್ ಭಾರಕ್ಕೆ ತಯಾರಕರ ಕೋಷ್ಟಕ ನೋಡಿ ತುಂಬಿಸಬೇಕು. ಮುಂದಿನ ಹಬ್‌ಗಳ ಗಾಜಿನ ಕಿಟಕಿಯಲ್ಲಿ ಆಯಿಲ್ ಮಟ್ಟ ನೋಡಬೇಕು. ಇಂಧನ ಫಿಲ್ಟರುಗಳನ್ನು ಹೊರಡುವ ಮೊದಲೇ ಬದಲಿಸಿ, ಇನ್ನೆರಡು ಜೊತೆ, ಅವನ್ನು ಬಿಚ್ಚುವ ಪಟ್ಟಿ ಮತ್ತು ಹತ್ತು ಲೀಟರ್ ಶುದ್ಧ ಡೀಸೆಲ್ ಇಟ್ಟುಕೊಳ್ಳಬೇಕು. ಸೂಕ್ಷ್ಮಜೀವಿ ಕೊಲ್ಲುವ ಔಷಧಿ ಈಗ ಹಾಕಬಾರದು. ದಾರಿಯ ಮಧ್ಯೆ ಎಲ್ಲ ಒಮ್ಮೆಗೇ ಕಳಚಿ ಬರುತ್ತದೆ. ಮನೆ ತಲುಪಿದ ಮೇಲೆ ಟ್ಯಾಂಕಿನ ತಳ ಪಂಪಿನಿಂದ ಹೀರಿ, ಆಮೇಲೆ ಹಾಕಬೇಕು.

ಮೊದಲ 40 ಕಿ.ಮೀ.ಗೆ ನಿಲ್ಲಿಸಿ ನಾಲ್ಕೂ ಕಡೆಯ ಹಬ್ ಮತ್ತು ಡ್ರಮ್ಮಿಗೆ ದೂರದಿಂದ ಉಷ್ಣತೆ ಅಳೆಯುವ ಥರ್ಮಾಮೀಟರ್ ಹಿಡಿಯಬೇಕು. ಒಂದೇ ಆಕ್ಸಲಿನ ಎಡಕ್ಕೂ ಬಲಕ್ಕೂ 30 ಡಿಗ್ರಿ ಅಂತರ ಬಂದರೆ ಬಿಸಿಯಿರುವ ಕಡೆ ಬ್ರೇಕ್ ಬಿಡುತ್ತಿಲ್ಲ ಅಥವಾ ಬೇರಿಂಗ್ ಒಣಗಿದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ತುಕ್ಕು ಹಿಡಿದು ಅರ್ಧ ಅಂಟಿಕೊಂಡ ಬ್ರೇಕ್ ಹೊಸತೇನಲ್ಲ. ತಣ್ಣಗಾದ ಮೇಲೆ ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕಿನ ಸಡಿಲ ಸರಿಪಡಿಸುವ ತೋಳು) ಪರೀಕ್ಷಿಸದೆ ಮುಂದುವರಿಯಬಾರದು. ಈ ಅಳತೆಯನ್ನು 100, 200 ಕಿ.ಮೀ.ಗೂ ಮತ್ತೆ ಮಾಡಿ, ಅಂತರ ಹೆಚ್ಚದಿದ್ದರೆ ವೇಗ 90 ಕಿ.ಮೀ. ಮೀರದಂತೆ ಮನೆ ತನಕ ಹೋಗಬಹುದು. ಆಯಿಲ್ ಮಾದರಿಯನ್ನು 4,000 ಕಿ.ಮೀ. ಓಡಿದ ಮೇಲೆ, ಎಂಜಿನ್ ಬಿಸಿಯಿರುವಾಗ, ಮಧ್ಯದ ಹರಿವಿನಿಂದ ತೆಗೆದು ಕಳಿಸಬೇಕು. ಮೂಲೆಯ ಗೋಡೆಯನ್ನು ಮಳೆಗಾಲಕ್ಕೆ ಮೊದಲು ತೆರೆಯಬೇಕು, ಅಲ್ಲಿಯ ತನಕ ಮಾಳಿಗೆಯ ಆ ಕೂಡಿಗೆ ತಾತ್ಕಾಲಿಕವಾಗಿ ಬ್ಯೂಟೈಲ್ ರಬ್ಬರಿನ ಅಂಟುಪಟ್ಟಿ ಅಂಟಿಸಿದರೆ ಸಾಕು, ಇನ್ನೊಮ್ಮೆ ಸಿಲಿಕೋನ್ ಬೇಡ.